ಹುಡುಕುವ ನಾಯಿಯೂ ಮುಂದಾಳುತನದ ಪಾಠವೂ

ನಮ್ಮ ವಾಚಕಿಯರಲ್ಲೊಬ್ಬರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಹಿರಿಯ ಮಗನಿಗೆ ಈಗ 13 ವರ್ಷ ವಯಸ್ಸು. ಹುಡುಗನು ಪಾಠದಲ್ಲಿ ಚುರುಕು. ಲೆಕ್ಕದಲ್ಲಂತೂ ತರಗತಿಗೇ ಮೊದಲಿಗನು. ಈ ವರ್ಷ ಉಪಾಧ್ಯಾಯರು ಅವನನ್ನು ತರಗತಿಯ ಮಾನಿಟರನ್ನಾಗಿ ನೇಮಿಸಿದರಂತೆ. ಮನೆಯವರಿಗೆಲ್ಲ ಸಂತೋಷವಾಯಿತು. ಆದರೆ ಅಂದಿನಿಂದ ಅವನ ಗೆಳೆಯರು ಒಬ್ಬೊಬ್ಬರಾಗಿ ದೂರವಾದರು. ಆಟದಲ್ಲಿ ತಾನು ಹೇಳಿದುದನ್ನೇ ಎಲ್ಲರೂ ಕೇಳಬೇಕೆಂಬ ಹಟ. ಗೆದ್ದರೆ ತನ್ನಿಂದ, ಸೋತರೆ ಉಳಿದವರಿಂದ. ಶಾಲೆಯ ವಸ್ತುಪ್ರದರ್ಶನಕ್ಕಾಗಿ ಐವರು ಕೂಡಿ ಮಾಡಬೇಕಾಗಿದ್ದ ಕೆಲಸವನ್ನು, "ಅವರಿಗೆ ಏನೂ ಬಾರದು" ಎಂದು ತಾನೊಬ್ಬನೇ ಎರಡು ರಾತ್ರಿ ನಿದ್ರೆಗೆಟ್ಟು ಮುಗಿಸಿದನು. ಅದಕ್ಕೆ ಬಹುಮಾನವೂ ಬಂದಿತು. ಆದರೆ ಬಹುಮಾನ ಬಂದ ಸಂಜೆ ಮನೆಯ ಮೂಲೆಯಲ್ಲಿ ಕುಳಿತು ಅತ್ತನಂತೆ. ಏಕೆಂದರೆ ಅದನ್ನು ನೋಡುವುದಕ್ಕೆ ಉಳಿದ ನಾಲ್ವರಲ್ಲಿ ಒಬ್ಬನೂ ಬಂದಿರಲಿಲ್ಲ. "ಮುಂದಾಳುತನವನ್ನೂ ನಾಲ್ವರೊಡನೆ ಕೂಡಿ ದುಡಿಯುವ ಗುಣವನ್ನೂ ಕಲಿಸತಕ್ಕ ಪುಸ್ತಕವೇನಾದರೂ ಇದ್ದರೆ ದಯಮಾಡಿ ತಿಳಿಸಿರಿ" ಎಂದು ಆ ತಾಯಿ ಕೇಳಿರುವರು.

ಅಂತಹ ಪುಸ್ತಕಗಳಿಗೆ ಕೊರತೆಯಿಲ್ಲ. ಆದರೆ ಪುಸ್ತಕವನ್ನೋದಿ ಈಜು ಕಲಿತವರನ್ನು ನಾವು ಇದುವರೆಗೆ ಕಂಡಿಲ್ಲ. ಹುಡುಗನಿಗೆ ಬೇಕಾಗಿರುವುದು ಉಪದೇಶವಲ್ಲ, ಕೆಲಸ. ಅದೂ ಎಂತಹ ಕೆಲಸವೆಂದರೆ, ತನ್ನೊಬ್ಬನ ಬುದ್ಧಿಯಿಂದ ಎಂದಿಗೂ ನೆರವೇರದಂತಹ, ತನಗಿಂತ ಇನ್ನೊಬ್ಬರಿಗೆ ಹೆಚ್ಚು ತಿಳಿದಿದೆಯೆಂಬುದನ್ನು ಹೆಜ್ಜೆಹೆಜ್ಜೆಗೂ ಒಪ್ಪಿಕೊಳ್ಳಬೇಕಾದಂತಹ ಕೆಲಸ. ಅಂತಹುದೊಂದು ನಮಗೆ ಗೊತ್ತಿದೆ. ಕೇಳಿದವರು ಮೊದಲು ನಕ್ಕಾರು. ದಾರಿ ತಪ್ಪಿ ಕಳೆದುಹೋದ ಮನುಷ್ಯರನ್ನು ಹುಡುಕುವುದಕ್ಕೆ ನಾಯಿಯನ್ನು ಪಳಗಿಸುವ ಕೆಲಸವೇ ಅದು.

ನಮ್ಮ ಅನೇಕ ಮನೆಗಳಲ್ಲಿ ನಾಯಿಗೆ ಹೊಸ್ತಿಲಿನಾಚೆಯ ಸ್ಥಾನ. ಬೈಗುಳಕ್ಕೆ ಅದರ ಹೆಸರನ್ನು ಎತ್ತುವೆವೇ ಹೊರತು ಗುರುಪೀಠದಲ್ಲಿ ಅದನ್ನು ಕೂಡಿಸುವವರಾರು? ಆದರೂ ಪಾಂಡವರ ಮಹಾಪ್ರಸ್ಥಾನದ ಕಥೆಯನ್ನು ಕೇಳಿ ಬೆಳೆದವರು ನಾವು. ತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನೊಡನೆ ಕಡೆಯವರೆಗೂ ನಡೆದುಬಂದುದು ಒಂದು ನಾಯಿ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದನು ಆತನು. ಆ ನಂಟನ್ನು ನೆನೆದು ಮುಂದಿನ ಮಾತುಗಳನ್ನು ಓದಬೇಕೆಂದು ಕೋರುತ್ತೇವೆ.

ಮೊದಲು ಈ ನಾಯಿಯ ವಿದ್ಯೆಯೇನೆಂಬುದನ್ನು ತಿಳಿಯೋಣ. ಮನುಷ್ಯನ ಮೈಯಿಂದ ಚರ್ಮದ ಅತಿಸೂಕ್ಷ್ಮವಾದ ಕಣಗಳು ನಿಮಿಷಕ್ಕೆ ಹತ್ತಾರು ಸಾವಿರದಂತೆ ಸದಾ ಉದುರುತ್ತಿರುವುವು. ಬೆವರು, ಉಸಿರು ಇವುಗಳೊಡನೆ ಸೇರಿ ಅವು ಗಾಳಿಯಲ್ಲಿ ತೇಲಿಹೋಗುವುವು. ವಾಸನೆಯನ್ನು ಗ್ರಹಿಸುವ ಜೀವಕೋಶಗಳು ನಮ್ಮ ಮೂಗಿನಲ್ಲಿ ಸುಮಾರು 50 ಲಕ್ಷವಾದರೆ, ನಾಯಿಯ ಮೂಗಿನಲ್ಲಿ ಅದರ ಜಾತಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿಯವರೆಗೂ ಇರುವುದುಂಟು. ಕೆಲವು ನಾಯಿಗಳು ನೆಲದ ಮೇಲಿನ ಜಾಡನ್ನು ಮೂಸುತ್ತ ಹೋಗುತ್ತವೆ. ಇನ್ನು ಕೆಲವು ತಲೆಯೆತ್ತಿ ಗಾಳಿಯಲ್ಲಿಯೇ ಮನುಷ್ಯನ ವಾಸನೆಯನ್ನು ಅರಸುತ್ತವೆ. ದೇವರ ಮುಂದೆ ಹಚ್ಚಿಟ್ಟ ಊದುಬತ್ತಿಯ ಹೊಗೆಯನ್ನು ನೋಡಿರಿ: ಬತ್ತಿಯ ತುದಿಯಲ್ಲಿ ಎಳೆಯಷ್ಟೇ ಸಣ್ಣಗಿದ್ದು ದೂರ ಹೋದಂತೆ ಅಗಲವಾಗಿ ಹರಡುವುದು. ಅಡಗಿರುವ ಮನುಷ್ಯನ ವಾಸನೆಯೂ ಹಾಗೆಯೇ. ಗಾಳಿಯ ಕೆಳಬದಿಯಿಂದ ಬರುವ ನಾಯಿಯು ಆ ಅಗಲವಾದ ಅಂಚನ್ನು ಮೊದಲು ಮುಟ್ಟಿ, ಅತ್ತಿಂದಿತ್ತ ಓಡಾಡುತ್ತ, ವಾಸನೆ ಗಾಢವಾದ ಕಡೆಗೆ ಒತ್ತಿಕೊಂಡು ಹೋಗಿ, ಕೊನೆಗೆ ಬತ್ತಿಯ ತುದಿಯನ್ನೇ ಸೇರುವುದು. ಅದನ್ನು ನಡೆಸುವ ಮನುಷ್ಯನಿಗೆ ಇದರಲ್ಲಿ ಒಂದು ಎಳೆಯಾದರೂ ತಿಳಿಯದು.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಇಬ್ಬರ ಹೆಸರನ್ನು ಇಲ್ಲಿ ಹೇಳಬೇಕು. ಸ್ಕಾಟ್ಲೆಂಡಿನ ಗ್ಲೆನ್‌ಕೋ ಕಣಿವೆಯ ಪರ್ವತಾರೋಹಿ ಹೇಮಿಷ್ ಮ್ಯಾಕಿನ್ನೆಸ್ ಎಂಬವರು ಸ್ವಿಟ್ಜರ್ಲೆಂಡಿನಲ್ಲಿ ಮಂಜಿನ ರಾಶಿಯಡಿಯಲ್ಲಿ ಸಿಕ್ಕಿಬಿದ್ದವರನ್ನು ಹುಡುಕುವ ನಾಯಿಗಳ ಶಿಕ್ಷಣವನ್ನು ಕಂಡುಬಂದು, 1965ರಲ್ಲಿ ತಮ್ಮ ನಾಡಿನಲ್ಲಿ ಶೋಧದ ನಾಯಿಗಳ ಸಂಘವನ್ನು ಸ್ಥಾಪಿಸಿದರು. ಎರಡನೆಯವರು ಅಮೆರಿಕದ ಕ್ಯಾಲಿಫೋರ್ನಿಯಾದ ವಿಲ್ಮಾ ಮೆಲ್ವಿಲ್. ಇವರು ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾದವರು. 1995ರಲ್ಲಿ ಓಕ್ಲಹೋಮಾ ನಗರದ ಸರಕಾರಿ ಕಟ್ಟಡವೊಂದು ಬಾಂಬಿಗೆ ಸಿಕ್ಕಿ ಕುಸಿದು 168 ಜನ ಮಡಿದಾಗ, ಮರ್ಫಿ ಎಂಬ ತಮ್ಮ ನಾಯಿಯೊಡನೆ ಅಲ್ಲಿಗೆ ಹೋಗಿ ದುಡಿದರು. ಅಷ್ಟು ದೊಡ್ಡ ದೇಶಕ್ಕೆ ಸಮರ್ಥವಾದ ನಾಯಿಗಳು ಎಷ್ಟು ಕಡಮೆಯೆಂಬುದನ್ನು ಕಣ್ಣಾರೆ ಕಂಡು, 1996ರಲ್ಲಿ ಅವುಗಳ ಶಿಕ್ಷಣಕ್ಕೆಂದೇ ಒಂದು ಸಂಸ್ಥೆಯನ್ನು ತೆರೆದರು. ಅವರು ನಾಯಿಗಳನ್ನು ಆರಿಸಿದುದು ಹೆಚ್ಚಾಗಿ ಅನಾಥ ಪ್ರಾಣಿಗಳ ಆಶ್ರಯಗಳಿಂದ. ಒಂದು ಘಳಿಗೆಯೂ ಸುಮ್ಮನಿರದ, ಚೆಂಡೊಂದು ಸಿಕ್ಕರೆ ಊಟವನ್ನೂ ಮರೆಯುವ ನಾಯಿಯು ಗೃಹಸ್ಥನಿಗೆ ಪೀಡೆಯಾಗಿ ಕಂಡು ಹೊರದೂಡಲ್ಪಡುವುದುಂಟು. ಶೋಧದ ಕೆಲಸಕ್ಕೆ ಬೇಕಾದುದು ಆ ಬಿಡದ ಹಟವೇ. "ತುಂಟ", "ಕೂತಲ್ಲಿ ಕೂರದವನು" ಎಂದು ನಾವು ದೂರುವ ಮಕ್ಕಳ ವಿಷಯದಲ್ಲಿಯೂ ಈ ಮಾತನ್ನು ತಂದೆತಾಯಿಗಳು ಸ್ವಲ್ಪ ಯೋಚಿಸಬಹುದು.

ಇದರಲ್ಲಿ ಶಾಲೆಯ ಮಕ್ಕಳಿಗೇನು ಕೆಲಸವೆಂದು ಕೇಳಬಹುದು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ, ಸಿಯಾಟಲ್ ನಗರದ ಸುತ್ತಣ ಕಾಡುಬೆಟ್ಟಗಳಲ್ಲಿ ದಾರಿ ತಪ್ಪಿದವರನ್ನು ಹುಡುಕುವುದಕ್ಕೆ 1954ರಷ್ಟು ಹಿಂದೆಯೇ ಸ್ಕೌಟ್ ತರುಣರ ದಳವೊಂದು ಹುಟ್ಟಿ, ಇಂದಿಗೂ ನಡೆಯುತ್ತಿದೆ. 14 ವರ್ಷ ತುಂಬಿದ ಹುಡುಗ ಹುಡುಗಿಯರು ಅದಕ್ಕೆ ಸೇರಬಹುದು. ನಕ್ಷೆ ದಿಕ್ಸೂಚಿಗಳನ್ನು ಹಿಡಿದು ದಾರಿಯಿಲ್ಲದ ಕಾಡಿನಲ್ಲಿ ನಡೆಯುವುದು, ರಾತ್ರಿ ಬಯಲಿನಲ್ಲಿ ತಂಗುವುದು, ಪ್ರಥಮ ಚಿಕಿತ್ಸೆ, ಇವುಗಳನ್ನೆಲ್ಲ ಕಲಿತು ತೇರ್ಗಡೆಯಾದ ಮೇಲೆ, ಜಿಲ್ಲೆಯ ಷೆರಿಫನ ಅಧಿಕಾರಕ್ಕೊಳಪಟ್ಟು, ಹಿರಿಯರೊಡನೆ ನಿಜವಾದ ಶೋಧಕ್ಕೇ ಹೋಗುವರು. ಅದೇ ಪ್ರಾಂತದಲ್ಲಿ ಸ್ವಯಂಸೇವಕರು ನಡೆಸುವ ಶೋಧದ ನಾಯಿಗಳ ತಂಡಗಳೂ ಇರುವುವು. ಈ ನಾಯಿಗಳ ಶಿಕ್ಷಣಕ್ಕೆ ಯಾವ ದೇಶದಲ್ಲಾಗಲಿ ಅಡಗುವವರು ಬೇಕೇ ಬೇಕು. ಒಬ್ಬ ಮನುಷ್ಯನು ಅಡಗದೆ ನಾಯಿ ಹುಡುಕುವುದು ಯಾರನ್ನು? ಬ್ರಿಟನ್ನಿನಲ್ಲಿ ಈ ಅಡಗುವವರಿಗೆ 'ಡಾಗ್ಸ್‌ಬಾಡಿ' ಎಂದು ಪರಿಹಾಸದ ಹೆಸರುಂಟು. ಆ ಮಾತಿಗೆ ಅಲ್ಲಿನ ಬಳಕೆಯಲ್ಲಿ ಎಲ್ಲರ ಚಾಕರಿಯನ್ನೂ ಮಾಡುವವನೆಂದರ್ಥ. ಚಳಿಗಾಲದಲ್ಲಿ ಬೆಟ್ಟದ ಬಂಡೆಯ ಮರೆಯಲ್ಲಿ ಗಂಟೆಗಟ್ಟಲೆ ಮಲಗಿದ್ದು ನಾಯಿಯ ಬರವನ್ನು ಕಾಯುವುದೇ ಅವರ ಸೇವೆ. ಹೆಸರಿಲ್ಲ, ಪದಕವಿಲ್ಲ. ಆದರೆ ಅವರಿಲ್ಲದೆ ಒಂದು ನಾಯಿಯಾದರೂ ಪಳಗದು.

ಮುಂದಾಳುತನದ ಮೊದಲ ಪಾಠವು ಇಲ್ಲಿಯೇ ಇದೆ. ಈ ಶಿಕ್ಷಣದಲ್ಲಿ ಹುಡುಗನೊಬ್ಬನು ಪ್ರಾರಂಭಿಸತಕ್ಕದ್ದು ಹಗ್ಗವನ್ನು ಹಿಡಿಯುವುದರಿಂದಲ್ಲ, ಅಡಗುವುದರಿಂದ. ಮೊದಲ ದಿನದ ಕ್ರಮ ಬಹು ಸರಳ. ಅಡಗುವವನು ನಾಯಿಗೆ ಪ್ರಿಯವಾದ ಚೆಂಡನ್ನು ಅದಕ್ಕೆ ತೋರಿಸಿ, ಅದು ನೋಡುತ್ತಿರುವಂತೆಯೇ ಇಪ್ಪತ್ತು ಹೆಜ್ಜೆ ಓಡಿಹೋಗಿ ಗಿಡದ ಹಿಂದೆ ಕುಳಿತುಬಿಡುವನು. ನಾಯಿಯನ್ನು ಬಿಟ್ಟೊಡನೆ ಅದು ಹಾರಿಬಂದು ಅವನನ್ನು ಕಂಡುಕೊಳ್ಳುವುದು. ಆಗ ಚೆಂಡನ್ನು ಕೊಟ್ಟು, ಮೈದಡವಿ, ಮನಸ್ಸು ಬಿಚ್ಚಿ ಅದರೊಡನೆ ಆಡಬೇಕಾದವನು ನಾಯಿಯ ಯಜಮಾನನಲ್ಲ, ಅಡಗಿದ್ದ ಹುಡುಗನು. ಮನುಷ್ಯನನ್ನು ಕಂಡುಹಿಡಿಯುವುದೇ ಪರಮಸಂತೋಷವೆಂಬ ಭಾವನೆ ನಾಯಿಯ ಮನಸ್ಸಿನಲ್ಲಿ ಬೇರೂರುವುದು ಅವನಿಂದ. ಅವನು ಬೇಸರದಿಂದ ಚೆಂಡನ್ನೆಸೆದು ಸುಮ್ಮನಾದರೆ ನಾಯಿಯ ಉತ್ಸಾಹವೂ ಅಲ್ಲಿಗೇ ಕುಗ್ಗುವುದು. ಬಾಯಿಮಾತಿನ ಹೊಗಳಿಕೆಯಿಂದ ಮನುಷ್ಯರನ್ನು ವಂಚಿಸಬಹುದು. ನಾಯಿಯನ್ನು ವಂಚಿಸುವುದು ಕಷ್ಟ. ಅರ್ಧ ಗಂಟೆ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದು, ಆಮೇಲೆ ಇನ್ನೊಬ್ಬರ ಗೆಲುವಿಗಾಗಿ ತಾನು ಕುಣಿದಾಡುವುದನ್ನು ಕಲಿತ ಹುಡುಗನು, ಹಿಂಬಾಲಿಸುವವರ ಕಷ್ಟವನ್ನು ಅರಿಯದ ಮುಂದಾಳಾಗಲಾರನು.

ಎರಡನೆಯ ಪಾಠವು ಹಗ್ಗವನ್ನು ಹಿಡಿದವನಿಗೆ. ಅವನ ಕೆಲಸ ಅಲ್ಪವೇನಲ್ಲ. ನಕ್ಷೆಯನ್ನು ನೋಡಿ ನೆಲವನ್ನು ಭಾಗಮಾಡಬೇಕು. ಚಿಟಿಕೆ ಮುಖದ ಪುಡಿಯನ್ನು ತೂರಿ ಗಾಳಿಯ ದಿಕ್ಕನ್ನು ತಿಳಿಯಬೇಕು. ಬಿಸಿಲೇರುವ ಮುನ್ನ ಹೊರಡಬೇಕು. ನಾಯಿಗೆ ನೀರು, ವಿಶ್ರಾಂತಿ ನೋಡಬೇಕು. ಯಾವ ಕಡೆಯಿಂದ ಹೊಕ್ಕರೆ ವಾಸನೆ ಮುಖಕ್ಕೆ ಬಡಿಯುವುದೆಂದು ಯೋಚಿಸಬೇಕು. ಇಷ್ಟರವರೆಗೆ ಅವನೇ ಮುಂದಾಳು. ಆದರೆ ನಾಯಿಯನ್ನು ಬಿಟ್ಟ ಕ್ಷಣದಿಂದ ತಿಳಿದಿರುವುದು ನಾಯಿಗೆ, ತಿಳಿಯದಿರುವುದು ಅವನಿಗೆ. ಅದು ಥಟ್ಟನೆ ತಲೆಯೆತ್ತಿತೆ? ಬಾಲದ ಅಲುಗಾಟ ಬದಲಾಯಿತೆ? ಉಸಿರಿನ ಸದ್ದು ಬೇರೆಯಾಯಿತೆ? ಇವುಗಳನ್ನು ನೋಡುತ್ತ ಹಿಂದೆ ಹೋಗುವುದಷ್ಟೇ ಅವನ ಪಾಲಿಗೆ ಉಳಿದುದು. "ಇಲ್ಲ, ಇತ್ತ ಬಾ" ಎಂದು ಹಗ್ಗವನ್ನೆಳೆದವನು ದಾರಿಯನ್ನು ತಾನೇ ಕೆಡಿಸಿಕೊಂಡಂತೆ. ಈ ಹೊತ್ತಿನಲ್ಲಿ, ಈ ಕೆಲಸದಲ್ಲಿ, ನಮ್ಮಲ್ಲಿ ತಿಳಿದವರಾರು ಎಂಬುದನ್ನು ಗುರುತಿಸಿ ಅವರಿಗೆ ದಾರಿ ಬಿಡುವುದೇ ಮುಂದಾಳಿನ ಮುಖ್ಯ ಲಕ್ಷಣ. ಈ ಬರವಣಿಗೆಯಲ್ಲಿ ನಾವು ಹೇಳಬೇಕೆಂದಿರುವುದೂ ಮುಖ್ಯವಾಗಿ ಇದೊಂದೇ ಮಾತು.

ಮೂರನೆಯದು ಇದಕ್ಕಿಂತ ಸೂಕ್ಷ್ಮವಾದುದು. ನಾಯಿಯು ನಮ್ಮನ್ನು ಬಹಳವಾಗಿ ಗಮನಿಸುವ ಪ್ರಾಣಿ. ನಮ್ಮ ಮನಸ್ಸಿನ ಆಸೆಯನ್ನು ನಮ್ಮ ನಿಲುವಿನಿಂದಲೇ ಓದಿಕೊಳ್ಳುವುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಂಡಿತರು 2011ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇದಕ್ಕೆ ಸಾಕ್ಷಿ. ಅದರಲ್ಲಿ ಭಾಗವಹಿಸಿದುದು ಮನುಷ್ಯರನ್ನು ಹುಡುಕುವ ನಾಯಿಗಳಲ್ಲ, ಮಾದಕ ಪದಾರ್ಥಗಳನ್ನೂ ಸಿಡಿಮದ್ದನ್ನೂ ಪತ್ತೆಹಚ್ಚುವ ನಾಯಿಗಳು. ಒಟ್ಟು 18 ನಾಯಿಗಳೂ ಅವುಗಳನ್ನು ನಡೆಸುವವರೂ. ಒಂದು ಕಟ್ಟಡದ ನಾಲ್ಕು ಕೋಣೆಗಳಲ್ಲಿ ಅವರನ್ನು ಹುಡುಕಲು ಬಿಟ್ಟರು. ಕೆಲವೆಡೆ ಕೆಂಪು ಕಾಗದವಿರುವುದೆಂದೂ, ಅದಿರುವಲ್ಲಿ ಪದಾರ್ಥ ಅಡಗಿದೆಯೆಂದೂ ನಡೆಸುವವರಿಗೆ ಹೇಳಲಾಗಿತ್ತು. ನಿಜವಾಗಿ ಯಾವ ಕೋಣೆಯಲ್ಲಿಯೂ ಏನನ್ನೂ ಇಟ್ಟಿರಲಿಲ್ಲ. ಆದರೂ ನಡೆಸುವವರು ಇನ್ನೂರಕ್ಕಿಂತ ಹೆಚ್ಚು ಸಲ "ನಾಯಿ ಕಂಡುಹಿಡಿಯಿತು" ಎಂದರು; ಅದೂ ಕೆಂಪು ಕಾಗದವಿದ್ದ ಸ್ಥಳಗಳಲ್ಲಿಯೇ ಹೆಚ್ಚು. ನಾಯಿ ಸುಳ್ಳು ಹೇಳಿತೆನ್ನೋಣವೆ? ಮನುಷ್ಯನು ನಂಬಿದುದನ್ನೇ ಅವನು ನಾಯಿಯಲ್ಲಿ ಕಂಡನು, ಇಲ್ಲವೇ ನಾಯಿಯು ಅವನಲ್ಲಿ ಕಂಡಿತು. ಕುಸಿದ ಮನೆಯ ಮುಂದೆ ಇಂತಹ ತಪ್ಪಾದರೆ ಗತಿಯೇನು? ಯಾರೂ ಇಲ್ಲದ ಕಡೆ ಅಗೆಯುತ್ತಿರುವಷ್ಟು ಹೊತ್ತೂ ಇನ್ನೊಂದು ಕಡೆಯಲ್ಲಿ ಒಬ್ಬನ ಉಸಿರು ಕಡಮೆಯಾಗುತ್ತಿರುವುದು. ತನ್ನ ಆಸೆಯೂ ಸತ್ಯವೂ ಬೇರೆಬೇರೆ ಎಂಬುದನ್ನು ಹುಡುಗನಿಗೆ ಇಷ್ಟು ಸ್ಪಷ್ಟವಾಗಿ ಕಲಿಸುವ ಬೇರೆ ಆಟವನ್ನು ನಾವು ಕಾಣೆವು.

ಆದುದರಿಂದಲೇ ತಿಳಿದ ಶಿಕ್ಷಕರು ಎರಡು ಉಪಾಯಗಳನ್ನು ಬಳಸುವರು. ಅಡಗಿರುವ ಸ್ಥಳವು ನಾಯಿಯನ್ನು ನಡೆಸುವವನಿಗೆ ತಿಳಿಯದಂತೆ ನೋಡಿಕೊಳ್ಳುವುದು ಒಂದು. ಕೆಲವು ದಿನ ಯಾರನ್ನೂ ಅಡಗಿಸದೆಯೇ ಹುಡುಕಲು ಕಳುಹಿಸುವುದು ಮತ್ತೊಂದು. ಗಂಟೆಹೊತ್ತು ಸುತ್ತಿ ಬಂದು, ಎಲ್ಲರೂ ಕಾದು ನೋಡುತ್ತಿರುವಾಗ, "ಈ ಭಾಗದಲ್ಲಿ ಯಾರೂ ಇಲ್ಲ" ಎಂದು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಊಹಿಸಿರಿ! ಆದರೆ ನಿಜವಾದ ಶೋಧದಲ್ಲಿ ಬಹುಪಾಲು ತಂಡಗಳ ಪಾಲಿಗೆ ಬರುವುದು ಈ ಉತ್ತರವೇ. ಆ "ಇಲ್ಲ" ಎಂಬುದು ನಂಬತಕ್ಕದ್ದಾದರೆ ಮಾತ್ರ ಉಳಿದವರು ಬೇರೆ ಕಡೆಗೆ ಹೋಗಿ ಹುಡುಕಬಲ್ಲರು. ಕಂಡುಹಿಡಿದವನ ಯಶಸ್ಸಿನಲ್ಲಿ ಕಾಣದೆ ಬಂದವರ ಪಾಲೂ ಸಮವಾಗಿದೆ. ಬ್ರಿಟನ್ನಿನ ಬೆಟ್ಟಗಳಲ್ಲಿ ದುಡಿಯುವ ನಾಯಿಯು ಕುರಿಗಳನ್ನು ಅಟ್ಟಿಕೊಂಡು ಹೋಗುವುದಿಲ್ಲವೆಂಬುದನ್ನು ಮೊದಲು ಪರೀಕ್ಷೆಯಲ್ಲಿ ತೋರಿಸಿಕೊಡಬೇಕು. ಹುಡುಕಬಲ್ಲುದೇ ಎಂಬುದಕ್ಕೆ ಮುನ್ನ, ಮಾಡಬಾರದುದನ್ನು ಬಿಡಬಲ್ಲುದೇ ಎಂದು ನೋಡುವರು.

ಒಬ್ಬನ ಮಾತನ್ನು ಇನ್ನೊಬ್ಬನು ಒರೆಹಚ್ಚಿ ನೋಡುವುದರಲ್ಲಿ ಅವಮಾನವೇನೂ ಇಲ್ಲವೆಂಬುದು ನಾಲ್ಕನೆಯ ಪಾಠ. 2023ನೆಯ ಫೆಬ್ರವರಿ 6ರಂದು ತುರ್ಕಿ, ಸಿರಿಯಾ ದೇಶಗಳಲ್ಲಾದ ಭೂಕಂಪದಲ್ಲಿ 50,000ಕ್ಕಿಂತ ಹೆಚ್ಚು ಜನ ಮಡಿದರು. ನಮ್ಮ ದೇಶದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ತಮ್ಮ ನಾಯಿಗಳೊಡನೆ ತುರ್ಕಿಗೆ ಹೋಗಿದ್ದರು. ನೂರ್‌ದಾಗಿ ಎಂಬ ಊರಿನಲ್ಲಿ ಕುಸಿದ ಕಟ್ಟಡವೊಂದರ ರಾಶಿಯ ಮೇಲೆ ಜೂಲಿ ಎಂಬ ಲ್ಯಾಬ್ರಡಾರ್ ನಾಯಿ ನಿಂತು ಬೊಗಳಿತು. ಪಡೆಯವರು ಕೂಡಲೇ ಅಗೆಯಲಿಲ್ಲ. ರೋಮಿಯೋ ಎಂಬ ಎರಡನೆಯ ನಾಯಿಯನ್ನು ಅದೇ ಕಡೆಗೆ ಬಿಟ್ಟು ನೋಡಿದರು. ಅದೂ ಅಲ್ಲಿಯೇ ಬೊಗಳಿತು. ಆಗ ಅಗೆದರು, 6 ವರ್ಷದ ಹೆಣ್ಣುಮಗುವೊಂದು ಜೀವಂತವಾಗಿ ಸಿಕ್ಕಿತು. ಜೂಲಿಯನ್ನು ಸಂದೇಹಿಸಿದರೆಂದು ಇದಕ್ಕೆ ಅರ್ಥವಲ್ಲ. ಜೀವದ ಪ್ರಶ್ನೆಯಾದಾಗ ಎರಡನೆಯ ಸಾಕ್ಷಿಯನ್ನು ಕೇಳುವುದು ಮೊದಲನೆಯವರಿಗೆ ಮಾಡುವ ಮರ್ಯಾದೆಯೇ ಸರಿ. "ನಾನು ಹೇಳಿದ ಮೇಲೆ ಮುಗಿಯಿತು" ಎನ್ನುವ ಮಕ್ಕಳಿಗೂ, ಹಾಗೆನ್ನುವ ದೊಡ್ಡವರಿಗೂ ಈ ಸಂಗತಿಯನ್ನು ಹೇಳಬಹುದು.

ಇನ್ನು ನಮ್ಮ ಶಾಲೆಗಳಲ್ಲಿ ಇದನ್ನು ಹೇಗೆ ಮಾಡುವುದು? ನಿಜವಾದ ಶೋಧದ ನಾಯಿಯೊಂದು ಸಿದ್ಧವಾಗುವುದಕ್ಕೆ ಒಂದೂವರೆ ಎರಡು ವರ್ಷ ಹಿಡಿಯುವುದು. ಅದು ಬಲ್ಲವರ ಕೆಲಸ. ಮಕ್ಕಳು ತಾವಾಗಿ ಯಾವ ಅಪಾಯದ ಸ್ಥಳಕ್ಕೂ ಹೋಗತಕ್ಕದ್ದಲ್ಲ. ಆದರೆ ಆಟದ ರೂಪದಲ್ಲಿ ಇದರ ಮೊದಲ ಮೆಟ್ಟಿಲುಗಳನ್ನು ಯಾವ ಶಾಲೆಯ ಬಯಲಿನಲ್ಲಾಗಲಿ ತೋಟದಲ್ಲಾಗಲಿ ಹತ್ತಿಸಬಹುದು. ನಮ್ಮ ಮಕ್ಕಳು ಹುಟ್ಟಿನಿಂದ ಆಡುವ ಕಣ್ಣಾಮುಚ್ಚಾಲೆಗೆ ಒಂದು ನಾಯಿಯನ್ನು ಸೇರಿಸಿಕೊಂಡಂತೆಯೇ ಇದು. ಬೇಕಾದುದು ಒಬ್ಬ ಉಪಾಧ್ಯಾಯರು, ಮಕ್ಕಳಿಗೆ ಒಗ್ಗಿದ ಸಾಧುಸ್ವಭಾವದ ಒಂದು ಸಾಕುನಾಯಿ, ಅದರ ಯಜಮಾನರು, ಮತ್ತು ಐದು ಮಕ್ಕಳು.

ಐವರಿಗೂ ಬೇರೆಬೇರೆ ಕೆಲಸ. ಒಬ್ಬನು ಅಡಗುವವನು. ಒಬ್ಬನು ಯಜಮಾನರ ಜೊತೆಗಿದ್ದು ನಾಯಿಯನ್ನು ನಡೆಸುವವನು. ಒಬ್ಬನು ಹಿಂದಿನಿಂದ ನಕ್ಷೆಯನ್ನು ಹಿಡಿದು, ಎಲ್ಲಿ ನೋಡಿದ್ದಾಯಿತು ಎಲ್ಲಿ ಉಳಿಯಿತು ಎಂದು ಗುರುತುಹಾಕುವವನು. ನಾಯಿಯ ಮೇಲೆ ಕಣ್ಣಿಟ್ಟವನಿಗೆ ದಾರಿಯ ಮೇಲೆ ಕಣ್ಣಿರುವುದಿಲ್ಲವಾದುದರಿಂದ ನಿಜವಾದ ತಂಡಗಳಲ್ಲಿಯೂ ಇಂತಹ ಜೊತೆಗಾರನಿರುವನು. ಒಬ್ಬನು ಹೊತ್ತು, ಗಾಳಿ, ನಾಯಿಯ ನಡವಳಿಕೆ ಇವುಗಳನ್ನು ಪುಸ್ತಕದಲ್ಲಿ ಬರೆಯುವವನು. ಐದನೆಯವನು ಕಾವಲಿನವನು: ಬಿಸಿಲು ಹೆಚ್ಚಾಯಿತೆ, ನಾಯಿ ಬಳಲಿತೆ, ಯಾರಾದರೂ ಬಾವಿಯ ಕಡೆಗೆ ಹೋದರೆ ಎಂದು ನೋಡುತ್ತಿದ್ದು, "ನಿಲ್ಲಿಸಿ" ಎಂದರೆ ಎಲ್ಲರೂ ನಿಲ್ಲತಕ್ಕದ್ದು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನನ್ನು ಈ ಸ್ಥಾನದಲ್ಲಿ ನಿಲ್ಲಿಸಿದರೆ ಒಳ್ಳೆಯದು. ಚಿಕ್ಕವನ ಒಂದು ಮಾತಿಗೆ ದೊಡ್ಡವರು ನಿಲ್ಲುವುದನ್ನು ಕಲಿಯಲಿ. ದಿನಕ್ಕೊಮ್ಮೆ ಕೆಲಸಗಳನ್ನು ಬದಲಾಯಿಸಬೇಕು. ಯಾರೂ ಒಂದೇ ಸ್ಥಾನದಲ್ಲಿ ಬೇರೂರಬಾರದು.

ಆಟ ಮುಗಿದ ಮೇಲೆ ಮರದ ನೆರಳಿನಲ್ಲಿ ಕುಳಿತು ನಡೆದುದನ್ನೆಲ್ಲ ಮಾತನಾಡಬೇಕು. ಇದಕ್ಕೆ ಒಂದು ಕಟ್ಟು ಉಂಟು: ನಾಯಿಯ ಮೇಲೆ ತಪ್ಪು ಹೊರಿಸತಕ್ಕದ್ದಲ್ಲ. ನಾಯಿಗೆ ಸಿಗಲಿಲ್ಲವಾದರೆ ಗಾಳಿ ತಿರುಗಿತೆ, ನಾವು ತಪ್ಪು ಕಡೆಯಿಂದ ಹೊಕ್ಕೆವೆ, ಪಾಠವನ್ನು ಬೇಗ ಕಠಿನ ಮಾಡಿದೆವೆ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಅಂದು ಒಂದು ಮೆಟ್ಟಿಲು ಕೆಳಗಿಳಿದು, ಸುಲಭವಾಗಿ ಸಿಗುವಂತೆ ಅಡಗಿ, ನಾಯಿಯನ್ನು ಗೆಲ್ಲಿಸಿಯೇ ಮನೆಗೆ ಕಳುಹಿಸಬೇಕು. ಸೋತ ಮನಸ್ಸಿನಿಂದ ಮಲಗಿದ ನಾಯಿ ಮರುದಿನ ಹುಡುಕಲೊಲ್ಲದು. ಮಕ್ಕಳ ವಿಷಯದಲ್ಲಿಯೂ ಇದು ಸುಳ್ಳಲ್ಲವಷ್ಟೆ!

ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ನಾವು ಅಪರಾಧಿಗಳಾಗುವೆವು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿರುವ ಸಾಕುನಾಯಿಯನ್ನಲ್ಲದೆ ಬೀದಿಯ ನಾಯಿಯನ್ನು ಈ ಆಟಕ್ಕೆ ತರಕೂಡದು. ತಿನ್ನುತ್ತಿರುವ, ಮಲಗಿರುವ, ಮರಿಗಳೊಡನಿರುವ ನಾಯಿಯನ್ನು ಮುಟ್ಟಬಾರದು. ಕಚ್ಚಿದರೂ ಪರಚಿದರೂ, ಗಾಯದ ಮೇಲೆ ನೆಕ್ಕಿದರೂ, ಆ ಸ್ಥಳವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಅರಿಸಿನ, ಸುಣ್ಣಗಳನ್ನು ಮೆತ್ತಿ ಕಾಲ ಕಳೆಯಬಾರದು. ಪೆಟ್ಟಿಗೆ, ಕಣಜ, ಬಾಗಿಲು ಹಾಕಿಕೊಳ್ಳುವ ಕೋಣೆ, ಬಾವಿಕಟ್ಟೆ, ಹುತ್ತ, ಹುಲ್ಲಿನ ಬಣವೆ ಇವುಗಳಲ್ಲಿ ಅಡಗತಕ್ಕದ್ದಲ್ಲ. ಅಡಗಿದವನೆಲ್ಲಿರುವನೆಂಬುದು ಒಬ್ಬ ದೊಡ್ಡವರಿಗೆ ತಪ್ಪದೆ ತಿಳಿದಿರಬೇಕು. ಅಡಗಿದವನ ಕೊರಳಲ್ಲಿ ಸೀಟಿಯೊಂದಿರಬೇಕು. ನಾಯಿಗೆ ಹೆದರುವ ಮಗುವನ್ನು ಬಲಾತ್ಕರಿಸಬಾರದು. ಬರೆಯುವ ಕೆಲಸ ಅದಕ್ಕೆ ಇದ್ದೇ ಇದೆ.

ಅಡಗುವ ಆಟವಾಡಿದ ಮಕ್ಕಳಿಗೆ ಕೊನೆಯದಾಗಿ ಇನ್ನೊಂದು ಲಾಭವುಂಟು. ತಾವೇ ಕಳೆದುಹೋದರೆ ಏನು ಮಾಡಬೇಕೆಂಬುದು ಅವರಿಗೆ ತಿಳಿಯುವುದು. 1981ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ 9 ವರ್ಷದ ಬಾಲಕನೊಬ್ಬನು ದಾರಿ ತಪ್ಪಿದನು. ನೂರಾರು ಜನ ಹುಡುಕಿದರೂ ಅವನು ಜೀವಂತವಾಗಿ ಸಿಗಲಿಲ್ಲ. ಹುಡುಕಿದವರು ಆ ದುಃಖದಿಂದ 'ಮರವನ್ನು ತಬ್ಬಿಕೊಂಡು ಬದುಕಿರಿ' ಎಂಬರ್ಥದ ಪಾಠವೊಂದನ್ನು ಏರ್ಪಡಿಸಿ ಶಾಲೆಶಾಲೆಗೆ ಹೋಗಿ ಮಕ್ಕಳಿಗೆ ಕಲಿಸತೊಡಗಿದರು. ದಾರಿ ತಪ್ಪಿದೆಯೆಂದು ತಿಳಿದೊಡನೆ ಅಲೆಯದೆ ಒಂದು ಮರದ ಬಳಿ ನಿಲ್ಲು, ಸೀಟಿಯನ್ನೂದು, ಕೂಗಿದವರಿಗೆ ಓಗೊಡು, ತಂದೆತಾಯಿಗಳು ನಿನ್ನ ಮೇಲೆ ಸಿಟ್ಟಾಗುವುದಿಲ್ಲ. ಈ ಕಡೆಯ ಮಾತನ್ನು ಏಕೆ ಸೇರಿಸಿದರು? ಬೈಗುಳಕ್ಕೂ ಅಪರಿಚಿತರಿಗೂ ಅಂಜಿ, ಹುಡುಕುವವರ ದನಿಯನ್ನು ಕೇಳಿಯೂ ಮಗುವು ಬಾಯಿಬಿಡದೆ ಅಡಗಿರುವುದುಂಟು. "ಎಲ್ಲಿ ಹೋದರೂ, ಎಷ್ಟು ಹೊತ್ತಾದರೂ, ನೀನು ಸಿಕ್ಕರೆ ನಮಗೆ ಸಂತೋಷವೇ ಹೊರತು ಕೋಪವಿಲ್ಲ" ಎಂದು ನಮ್ಮ ಮಕ್ಕಳಿಗೆ ನಾವು ಎಂದಾದರೂ ಹೇಳಿರುವೆವೆ? ಹೇಳಿಲ್ಲವಾದರೆ ಇಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇವೆ.

ಕಾಗದ ಬರೆದ ತಾಯಿಗೆ ನಮ್ಮ ಉತ್ತರವಿಷ್ಟು. ನಿಮ್ಮ ಮಗನಲ್ಲಿ ಕೆಟ್ಟತನವೇನೂ ಇಲ್ಲ. ಬಹುಮಾನವನ್ನು ಕೈಯಲ್ಲಿ ಹಿಡಿದು ಅತ್ತ ಹುಡುಗನಿಗೆ ಅದರಲ್ಲಿ ಏನು ಕಡಮೆಯಾಗಿತ್ತೆಂಬುದು ಆಗಲೇ ತಿಳಿದಿದೆ. ಅದನ್ನು ಪಡೆಯುವ ದಾರಿಯೊಂದು ಅವನಿಗೆ ತಿಳಿಯದು. ಪುಸ್ತಕವನ್ನು ಕೊಳ್ಳಬೇಡಿರಿ. ಉಪಾಧ್ಯಾಯರೊಡನೆಯೋ ಸ್ಕೌಟ್ ದಳದವರೊಡನೆಯೋ ಮಾತನಾಡಿ, ನೆರೆಯಲ್ಲಿ ಒಳ್ಳೆಯ ನಾಯಿಯಿರುವವರ ಒಪ್ಪಿಗೆ ಪಡೆದು, ಆ ಹಳೆಯ ನಾಲ್ವರನ್ನೇ ಕರೆಯಿಸಿರಿ. ಮೊದಲ ತಿಂಗಳು ಹಗ್ಗವನ್ನು ಅವನ ಕೈಗೆ ಕೊಡಬೇಡಿರಿ. ಅವನು ಅಡಗಲಿ. ಗಿಡದ ಮರೆಯಲ್ಲಿ ಒಂಟಿಯಾಗಿ ಕುಳಿತು, ಗೆಳೆಯರು ತನ್ನನ್ನು ಹುಡುಕಿಕೊಂಡು ಬರುವ ಸದ್ದನ್ನು ಕೇಳಲಿ. ಹಗ್ಗದ ಸರದಿ ತಾನಾಗಿ ಬರುವುದು. ಅಷ್ಟು ಹೊತ್ತಿಗೆ ಅದನ್ನು ಸಡಿಲವಾಗಿ ಹಿಡಿಯುವುದೂ ಅವನಿಗೆ ಬಂದಿರುವುದು. ಏನಾಯಿತೆಂಬುದನ್ನು ನಮಗೆ ಬರೆದು ತಿಳಿಸಿದರೆ ಸಂತೋಷಪಡುತ್ತೇವೆ.